ಇಟಲಿಯ ಪ್ರಾಂತ್ಯಗಳ ತರಕಾರಿ ಅಡುಗೆ: ಸಿಸಿಲಿಯಿಂದ ಟಸ್ಕನಿವರೆಗೆ, ಮನೆಯಲ್ಲೇ ಹದವಾಗಿ ಮಾಡುವ ಕ್ರಮ

ಇಟಲಿಯ ತರಕಾರಿ ಅಡುಗೆಗೆ ಬೇಕಾಗುವ ಸಾಮಾನಿನ ಪಟ್ಟಿ ಚಿಕ್ಕದು. ಹುರಿದು ಪುಡಿಮಾಡಿದ ಮಸಾಲೆ ಇಲ್ಲ, ಒಗ್ಗರಣೆ ಇಲ್ಲ, ತೆಂಗಿನತುರಿಯಿಲ್ಲ. ಎಣ್ಣೆ, ಉಪ್ಪು, ಒಂದೆರಡು ಬಗೆಯ ಸೊಪ್ಪು, ಕೆಲವಕ್ಕೆ ವಿನೆಗರ್, ಕೆಲವಕ್ಕೆ ಚೀಸ್. ಇಷ್ಟರಲ್ಲೇ ರುಚಿ ಬರಬೇಕಾದ್ದರಿಂದ ತಪ್ಪು ಮುಚ್ಚಿಕೊಳ್ಳುವುದಕ್ಕೆ ಜಾಗವೇ ಇರುವುದಿಲ್ಲ. ಮನೆಯಲ್ಲಿ ಮಾಡಿದ್ದು ಸಪ್ಪೆಯಾಗುವುದು, ಜಿಡ್ಡಾಗುವುದು, ತಟ್ಟೆಯಲ್ಲಿ ನೀರು ಬಿಟ್ಟುಕೊಳ್ಳುವುದು, ಈ ಮೂರಕ್ಕೂ ಬಹುಪಾಲು ಒಂದೇ ಕಾರಣ. ಅದು ತರಕಾರಿಯೊಳಗಿನ ನೀರು. ಬದನೆ, ಜುಕಿನಿ, ಟೊಮೆಟೊ, ದೊಣ್ಣೆ ಮೆಣಸಿನಕಾಯಿ ಯಾವುದನ್ನು ತೆಗೆದುಕೊಂಡರೂ ತೂಕದಲ್ಲಿ ಶೇ. 90ಕ್ಕಿಂತ ಹೆಚ್ಚು ನೀರೇ ಇರುತ್ತದೆ. ಆ ನೀರನ್ನು ಯಾವ ಹಂತದಲ್ಲಿ, ಹೇಗೆ ಹೊರಹಾಕಬೇಕು ಎನ್ನುವುದು ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ. ಕೆಳಗಿನ ಆರೂ ಅಡುಗೆಗಳನ್ನು ಈ ಕಣ್ಣಿನಿಂದಲೇ ನೋಡಿ.

ಸಾಮಾನು ಕೊಳ್ಳುವಾಗ

ಎಣ್ಣೆ ಎರಡು ಬಗೆ ಇರಲಿ. ಕರಿಯುವುದಕ್ಕೆ ವಾಸನೆಯಿಲ್ಲದ ರಿಫೈನ್ಡ್ ಕಡಲೆಕಾಯಿ ಎಣ್ಣೆ ಅಥವಾ ಸೂರ್ಯಕಾಂತಿ ಎಣ್ಣೆ ಸಾಕು. ಇಟಲಿಯ ಮನೆಗಳಲ್ಲೂ ಬದನೆಯನ್ನು ಕಡಲೆಕಾಯಿ ಎಣ್ಣೆಯಲ್ಲಿ ಕರಿಯುವವರು ಬೇಕಾದಷ್ಟಿದ್ದಾರೆ. ಗಾಣದ ಎಣ್ಣೆ ಬೇಡ, ಅದರ ಘಮ ಎಲ್ಲವನ್ನೂ ಮೀರಿಸುತ್ತದೆ. ಈರುಳ್ಳಿ ಬಾಡಿಸಲು, ಕೊನೆಗೆ ಮೇಲೆ ಸುರಿಯಲು ಮಾತ್ರ ಎಕ್ಸ್‌ಟ್ರಾ ವರ್ಜಿನ್ ಆಲಿವ್ ಎಣ್ಣೆ. 'ಲೈಟ್' ಅಥವಾ 'ಪೊಮಾಸ್' ಎಂದು ಬರೆದಿರುವ ಆಲಿವ್ ಎಣ್ಣೆಗೆ ಹೇಳಿಕೊಳ್ಳುವಂಥ ರುಚಿ ಇರುವುದಿಲ್ಲ, ಅದಕ್ಕೆ ಹೆಚ್ಚಿನ ದುಡ್ಡು ಕೊಡಬೇಡಿ.

ಟೊಮೆಟೊ ಕೊಳ್ಳುವಾಗ ನಾಟಿಯನ್ನು ಬಿಟ್ಟು ಉದ್ದುದ್ದ ಆಕಾರದ, ತಿರುಳು ದಪ್ಪವಾಗಿರುವ ಹೈಬ್ರಿಡ್ ಹಣ್ಣನ್ನೇ ಆರಿಸಿ. ಸಾರಿಗೆ ನಾಟಿ ಟೊಮೆಟೊ ಹೇಳಿ ಮಾಡಿಸಿದ್ದು, ಆದರೆ ಅದರಲ್ಲಿ ರಸವೂ ಹುಳಿಯೂ ಜಾಸ್ತಿ. ಇಟಲಿಯ ಸಾಸ್‌ಗೆ ಹೆಸರಾದ ಸಾನ್ ಮಾರ್ಜಾನೊ ತಳಿಯೂ ಉದ್ದನೆಯದು, ಕಡಿಮೆ ಬೀಜದ್ದು. ಚೆನ್ನಾಗಿ ಕಳಿತ ಹಣ್ಣು ಸಿಗದ ತಿಂಗಳುಗಳಲ್ಲಿ ಡಬ್ಬಿಯ ಸಿಪ್ಪೆ ಸುಲಿದ ಟೊಮೆಟೊ ಎಷ್ಟೋ ಮೇಲು.

ಬೇಸಿಲ್ ಬದಲು ಮನೆಯ ತುಳಸಿಕಟ್ಟೆಯ ತುಳಸಿ ಹಾಕಿದರೆ ಲವಂಗದ ವಾಸನೆ ಹೊಡೆಯುತ್ತದೆ. ನಮ್ಮ ಕಾಮಕಸ್ತೂರಿ ಬೇಸಿಲ್‌ನದೇ ಜಾತಿಯ ಗಿಡ, ತಳಿ ಮಾತ್ರ ಬೇರೆ. ಅದರ ಘಾಟು ಹೆಚ್ಚು, ಹೇಳಿದ ಅಳತೆಯ ಅರ್ಧ ಹಾಕಿ.

ವಿನೆಗರ್ ದ್ರಾಕ್ಷಿ ವೈನಿನದಾದರೆ ಒಳ್ಳೆಯದು, ಇಲ್ಲವಾದರೆ ಸೇಬಿನದು. ಸೀಸೆಯ ಮೇಲೆ 'ಸಿಂಥೆಟಿಕ್' ಎಂದಿರುವ ಬಿಳಿ ವಿನೆಗರ್ ಬೇಡವೇ ಬೇಡ. ಅದರಲ್ಲಿ ಹುಳಿಯೊಂದೇ ಇರುತ್ತದೆ, ಹಣ್ಣಿನ ಪರಿಮಳ ಇರುವುದಿಲ್ಲ. ಹುಣಸೆಹುಳಿಯೂ ಇಲ್ಲಿ ಸಲ್ಲದು, ಬಣ್ಣ ಕಪ್ಪಾಗುತ್ತದೆ, ರುಚಿ ನೇರವಾಗಿ ನಮ್ಮ ಅಡುಗೆಮನೆಗೆ ಬಂದುಬಿಡುತ್ತದೆ.

ಸಸ್ಯಾಹಾರಿಗಳು ಗಮನಿಸಬೇಕಾದ ಮಾತೊಂದಿದೆ. ಪರ್ಮಿಜಾನೊ ರೆಜ್ಜಾನೊ ಚೀಸಿನ ಹಾಲನ್ನು ಒಡೆಸುವುದು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್‌ನಿಂದ. ಅದರ ನಿಯಮದಲ್ಲಿ ಬೇರೆ ದಾರಿಯಿಲ್ಲ. ಪೆಕೊರಿನೊ ರೊಮಾನೊದಲ್ಲಿ ಕುರಿಮರಿಯ ರೆನೆಟ್ ಇರುತ್ತದೆ. ಬೇಡವೆನ್ನುವವರು ಪೊಟ್ಟಣದ ಮೇಲೆ 'ಮೈಕ್ರೋಬಿಯಲ್ ರೆನೆಟ್' ಎಂದು ಬರೆದಿರುವ, ಹಸಿರು ಚುಕ್ಕಿಯ ಗಟ್ಟಿ ಚೀಸ್ ಕೊಳ್ಳಬಹುದು. ರುಚಿಯಲ್ಲಿ ಸ್ವಲ್ಪ ವ್ಯತ್ಯಾಸ ಇದ್ದರೂ ಮುಂದೆ ಬರುವ ಪರ್ಮಿಜಾನಾ ಎಂಬ ಬದನೆಯ ಅಡುಗೆಗೆ ಅದು ಕೊರತೆ ಮಾಡುವುದಿಲ್ಲ.

ಬದನೆಗೆ ಉಪ್ಪು ಹಾಕುವುದು ಏಕೆ

ಬದನೆಯ ತಿರುಳು ಸ್ಪಂಜಿನಂಥದು, ಜೀವಕೋಶಗಳ ನಡುವೆ ಗಾಳಿ ತುಂಬಿರುತ್ತದೆ. ಹಸಿ ಹೋಳನ್ನು ನೇರವಾಗಿ ಎಣ್ಣೆಗೆ ಹಾಕಿದರೆ ಗಾಳಿ ಇದ್ದ ಜಾಗಕ್ಕೆಲ್ಲ ಎಣ್ಣೆ ನುಗ್ಗುತ್ತದೆ. ಮೊದಲೇ ಉಪ್ಪು ಬೆರೆಸಿಟ್ಟರೆ ನೀರು ಹೊರಬಂದು ಆ ರಚನೆ ಕುಸಿಯುತ್ತದೆ, ಹೋಳು ಬಿಗಿಯಾಗುತ್ತದೆ, ಎಣ್ಣೆ ಕಡಿಮೆ ಹೀರುತ್ತದೆ. ಕಹಿ ತೆಗೆಯುವುದಕ್ಕೆ ಉಪ್ಪು ಹಾಕಬೇಕು ಎಂಬುದು ಹಳೆಯ ಕಾರಣ. ಈಗ ಮಾರುಕಟ್ಟೆಗೆ ಬರುವ ಎಳೆ ಬದನೆಯಲ್ಲಿ ಕಹಿ ಅಪರೂಪ. ಹಾಗಂತ ಉಪ್ಪಿನ ಹಂತ ಬಿಡಬೇಡಿ.

ಲೆಕ್ಕ ಹೀಗಿದೆ: 1 ಕೆ.ಜಿ. ಹೋಳಿಗೆ 15 ಗ್ರಾಂ ಪುಡಿ ಉಪ್ಪು, ಅಂದರೆ ಮಟ್ಟವಾಗಿ ಸುಮಾರು ಎರಡೂವರೆ ಟೀ ಚಮಚ. ಚೆನ್ನಾಗಿ ಕಲಸಿ ತೂತಿನ ಪಾತ್ರೆಯಲ್ಲಿ ಹರಡಿ, ಮೇಲೆ ಒಂದು ತಟ್ಟೆ, ತಟ್ಟೆಯ ಮೇಲೆ ನೀರು ತುಂಬಿದ ಚೊಂಬು ಇಡಿ. ಒಂದು ಗಂಟೆಯಲ್ಲಿ ಕೆಳಗೆ ಕಂದು ನೀರು ನಿಂತಿರುತ್ತದೆ. ಆಮೇಲೆ ಒಂದೇ ಸಲ ತಣ್ಣೀರಿನಲ್ಲಿ ಜಾಲಿಸಿ, ಹಿಡಿಹಿಡಿಯಾಗಿ ತೆಗೆದು ಮೃದುವಾಗಿ ಹಿಂಡಿ, ಬಟ್ಟೆಯ ಮೇಲೆ ಹರಡಿ ಒರೆಸಿ. ಒದ್ದೆ ಉಳಿದರೆ ಎಣ್ಣೆ ಸಿಡಿಯುವುದಷ್ಟೇ ಅಲ್ಲ, ಅದರ ಶಾಖವೂ ಇಳಿದುಹೋಗುತ್ತದೆ.

ತಳಿಯ ಬಗ್ಗೆ: ಎಣ್ಣೆಗಾಯಿಗೆ ತರುವ ಪುಟ್ಟ ಬದನೆ ಇದಕ್ಕೆ ಆಗುವುದಿಲ್ಲ, ಸಿಪ್ಪೆ ಹೆಚ್ಚು, ತಿರುಳು ಕಡಿಮೆ. ಸುಟ್ಟು ಭರ್ತಾ ಮಾಡಲು ಕೊಳ್ಳುವ ದಪ್ಪ ನೇರಳೆ ಬದನೆ ಬೇಕು. ಕೈಯಲ್ಲಿ ಹಿಡಿದಾಗ ಗಾತ್ರಕ್ಕೆ ಹೋಲಿಸಿದರೆ ಹಗುರ ಅನ್ನಿಸುವುದನ್ನು, ಒತ್ತಿದರೆ ಗಟ್ಟಿಯಾಗಿರುವುದನ್ನು ಆರಿಸಿ. ತೀರಾ ಭಾರವಿದ್ದರೆ ಬೀಜ ಬಲಿತಿರುತ್ತದೆ.

ಕಪೋನಾತಾ (ಸಿಸಿಲಿ)

ಕರಿದ ಬದನೆ, ಸೆಲರಿ, ಹಸಿರು ಆಲಿವ್, ಕೇಪರ್ ಮೊಗ್ಗು, ಟೊಮೆಟೊ, ಇವುಗಳಿಗೆ ಸಕ್ಕರೆ ಮತ್ತು ವಿನೆಗರ್. ನಮ್ಮ ಗೊಜ್ಜಿನ ಹಾಗೆ ಇದರಲ್ಲೂ ಹುಳಿ ಸಿಹಿ ಎರಡೂ ಸಮಸಮ ನಿಲ್ಲಬೇಕು. ಬಿಸಿಯಾಗಿ ಬಡಿಸುವ ಅಡುಗೆ ಇದಲ್ಲ. ಮಾಡಿದ ಮರುದಿನ, ಫ್ರಿಜ್‌ನಿಂದ ತೆಗೆದು ಚಳಿ ಬಿಡಿಸಿ, ಬ್ರೆಡ್ಡಿನ ಜೊತೆ ತಿನ್ನುವುದು ರೂಢಿ.

ಐದಾರು ಜನಕ್ಕೆ ಬೇಕಾಗುವುದು: ಬದನೆ 1 ಕೆ.ಜಿ., ಸೆಲರಿ ದಂಟು 200 ಗ್ರಾಂ, ಈರುಳ್ಳಿ 200 ಗ್ರಾಂ, ಬೀಜ ತೆಗೆದ ಹಸಿರು ಆಲಿವ್ 120 ಗ್ರಾಂ, ಕೇಪರ್ 40 ಗ್ರಾಂ, ಟೊಮೆಟೊ 400 ಗ್ರಾಂ, ವಿನೆಗರ್ 60 ಮಿ.ಲೀ., ಸಕ್ಕರೆ 30 ಗ್ರಾಂ, ಬೇಸಿಲ್ ಹತ್ತು ಹನ್ನೆರಡು ಎಲೆ, ಎಕ್ಸ್‌ಟ್ರಾ ವರ್ಜಿನ್ ಎಣ್ಣೆ 3 ಟೇಬಲ್ ಚಮಚ, ಕರಿಯಲು ಎಣ್ಣೆ ಅರ್ಧ ಲೀಟರ್. ಇಷ್ಟವಿದ್ದರೆ ಚಿಲ್ಗೋಜಾ ಅಥವಾ ಹುರಿದು ಸೀಳಿದ ಬಾದಾಮಿ 30 ಗ್ರಾಂ.

1. ಬದನೆಯನ್ನು ಸಿಪ್ಪೆಸಹಿತ 3 ಸೆಂ.ಮೀ. ಚೌಕಗಳಾಗಿ ಹೆಚ್ಚಿ, ಮೇಲೆ ಹೇಳಿದಂತೆ ಉಪ್ಪಿನಲ್ಲಿಡಿ. ಇನ್ನೂ ಚಿಕ್ಕದಾಗಿ ಹೆಚ್ಚಿದರೆ ಕೊನೆಗೆ ಮುದ್ದೆಯಾಗುತ್ತದೆ.

2. ಆ ಒಂದು ಗಂಟೆಯಲ್ಲಿ ಉಳಿದ ಕೆಲಸ ಮುಗಿಸಿಕೊಳ್ಳಿ. ಉಪ್ಪಿನಲ್ಲಿಟ್ಟ ಕೇಪರ್ ಆದರೆ 20 ನಿಮಿಷ ನೀರಿನಲ್ಲಿ ನೆನೆಸಿ, ನಡುವೆ ಒಮ್ಮೆ ನೀರು ಬದಲಿಸಿ. ಉಪ್ಪುನೀರಿನ ಸೀಸೆಯದಾದರೆ ತೊಳೆದರೆ ಸಾಕು. ಸೆಲರಿಯ ನಾರು ಎಳೆದು ತೆಗೆದು 1 ಸೆಂ.ಮೀ. ತುಂಡು ಮಾಡಿ, ಕುದಿಯುವ ಉಪ್ಪುನೀರಿನಲ್ಲಿ 3 ನಿಮಿಷ ಬೇಯಿಸಿ ಬಸಿಯಿರಿ. ನಮ್ಮ ಪೇಟೆಗಳಲ್ಲಿ ಸಿಗುವ ಸೆಲರಿ ತೆಳ್ಳಗೆ, ಕಡು ಹಸಿರು, ಘಾಟು ಜಾಸ್ತಿ. ಅದಾದರೆ 150 ಗ್ರಾಂ ಸಾಕು, ಎಲೆ ಹಾಕಬೇಡಿ.

3. ಎಣ್ಣೆಯನ್ನು 175 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ. ಥರ್ಮಾಮೀಟರ್ ಇಲ್ಲದಿದ್ದರೆ ಒಂದು ಹೋಳು ಹಾಕಿ ನೋಡಿ. ತಕ್ಷಣ ಸುತ್ತಲೂ ಗುಳ್ಳೆಯೆದ್ದು ತೇಲಿದರೆ ಸರಿ. ಬಾಣಲೆಯಲ್ಲಿ ಒಂದೇ ಪದರ ಹಿಡಿಸುವಷ್ಟು ಮಾತ್ರ ಹಾಕಿ, ಐದಾರು ನಿಮಿಷ, ಎಲ್ಲ ಮಗ್ಗುಲೂ ಕಡು ಹೊಂಬಣ್ಣ ಬರುವವರೆಗೆ ಕರಿಯಿರಿ. ಬಣ್ಣ ಹಿಡಿಯದೆ ಬರೀ ಮೆತ್ತಗಾದ ಹೋಳು ಸಾಸಿಗೆ ಬಿದ್ದೊಡನೆ ಕರಗಿಹೋಗುತ್ತದೆ. ಜಾಲರಿಯಲ್ಲಿ ತೆಗೆದು ಕಾಗದದ ಮೇಲೆ ಹರಡಿ, ರಾಶಿ ಹಾಕಬೇಡಿ.

4. ಅಗಲ ತಳದ ಬೇರೆ ಪಾತ್ರೆಯಲ್ಲಿ ಎಕ್ಸ್‌ಟ್ರಾ ವರ್ಜಿನ್ ಎಣ್ಣೆ ಹಾಕಿ, ಉದ್ದಕ್ಕೆ ಹೆಚ್ಚಿದ ಈರುಳ್ಳಿಯನ್ನು ಸಣ್ಣ ಉರಿಯಲ್ಲಿ 12ರಿಂದ 15 ನಿಮಿಷ ಬಾಡಿಸಿ. ಕೆಂಪಗಾಗಬಾರದು, ಪಾರದರ್ಶಕವಾಗಿ ಸಿಹಿ ಬರಬೇಕು. ಸೆಲರಿ, ಆಲಿವ್, ಕೇಪರ್ ಸೇರಿಸಿ ಮೂರು ನಿಮಿಷ ಆಡಿಸಿ.

5. ಸಿಪ್ಪೆ ಬೀಜ ತೆಗೆದು ಕೊಚ್ಚಿದ ಟೊಮೆಟೊ ಹಾಕಿ ಮುಚ್ಚಳವಿಲ್ಲದೆ 12 ನಿಮಿಷ ಕುದಿಸಿ. ಸೌಟಿನಿಂದ ತಳದಲ್ಲಿ ಗೆರೆ ಎಳೆದರೆ ಅದು ಒಂದು ಕ್ಷಣ ಹಾಗೇ ನಿಲ್ಲಬೇಕು. ಗೆರೆ ಕೂಡಲೇ ಮುಚ್ಚಿಕೊಂಡರೆ ಇನ್ನೂ ನೀರಿದೆ.

6. ವಿನೆಗರಿನಲ್ಲಿ ಸಕ್ಕರೆ ಕರಗಿಸಿ ಸುರಿಯಿರಿ, ಉರಿ ಹೆಚ್ಚಿಸಿ ಎರಡು ನಿಮಿಷ ಬಿಡಿ. ಮೂಗಿಗೆ ಹೊಡೆಯುವ ಘಾಟು ಹೋದ ಮೇಲೆ ಉರಿ ತಗ್ಗಿಸಿ ಬದನೆ ಸೇರಿಸಿ, ಕೆಳಗಿನಿಂದ ಮೇಲಕ್ಕೆ ಮೆಲ್ಲಗೆ ಮಗುಚಿ, ಮೂರು ನಿಮಿಷಕ್ಕೆ ಇಳಿಸಿ. ಬೇಸಿಲ್ ಹರಿದು ಹಾಕಿ.

ಬಿಸಿಯಿರುವಾಗ ರುಚಿ ನೋಡಿ ತಿದ್ದಲು ಹೋಗಬೇಡಿ. ವಿನೆಗರಿನ ಹುಳಿ ಆವಿಯ ಜೊತೆ ಮೇಲೇಳುವುದರಿಂದ ಬಿಸಿಯಲ್ಲಿ ಹೆಚ್ಚೇ ಅನ್ನಿಸುತ್ತದೆ. ಆಗ ಸಕ್ಕರೆ ಹಾಕಿದವರಿಗೆ ಮರುದಿನ ಸಿಗುವುದು ಜ್ಯಾಮ್. ಉಪ್ಪನ್ನೂ ಕೊನೆಗೇ ನೋಡಿ, ಏಕೆಂದರೆ ಬದನೆ, ಆಲಿವ್, ಕೇಪರ್ ಮೂರೂ ಉಪ್ಪುಂಡವು.

ಕಟಾನಿಯಾ ಕಡೆ ಇದಕ್ಕೇ ದೊಣ್ಣೆ ಮೆಣಸಿನಕಾಯಿ ಸೇರುತ್ತದೆ, ಅದನ್ನೂ ಬೇರೆಯಾಗಿ ಕರಿದೇ ಹಾಕಬೇಕು. ಎಲ್ಲ ತರಕಾರಿಯನ್ನೂ ಒಂದೇ ಪಾತ್ರೆಗೆ ಸುರಿದು ಬೇಯಿಸುವ 'ಸುಲಭ' ವಿಧಾನಗಳು ಎಲ್ಲೆಲ್ಲೂ ಕಾಣಸಿಗುತ್ತವೆ. ಅದೂ ತಿನ್ನಲು ಬರುವ ಪಲ್ಯವೇ, ಆದರೆ ಕಪೋನಾತಾ ಅಲ್ಲ. ಒಂದೊಂದು ತರಕಾರಿ ನೀರು ಬಿಡುವ ವೇಗ ಬೇರೆ, ಬೇಯುವ ಹೊತ್ತು ಬೇರೆ.

ಎಣ್ಣೆ ಮತ್ತು ವಿನೆಗರ್ ಇದೆಯಲ್ಲ ಎಂದು ಉಪ್ಪಿನಕಾಯಿಯಂತೆ ಹೊರಗಿಡಬೇಡಿ. ಇದರಲ್ಲಿರುವ ಹುಳಿ ಉಪ್ಪು ತರಕಾರಿಯನ್ನು ಕಾಯುವಷ್ಟಿಲ್ಲ. ಫ್ರಿಜ್‌ನಲ್ಲಿ ನಾಲ್ಕು ದಿನ, ಅಷ್ಟೇ.

ಪರ್ಮಿಜಾನಾ ದಿ ಮೆಲಂಜಾನೆ (ಕಂಪಾನಿಯಾ ಮತ್ತು ಸಿಸಿಲಿ)

ಬದನೆಯ ಬಿಲ್ಲೆ, ಟೊಮೆಟೊ ಸಾಸ್, ಚೀಸ್ ಪದರ ಪದರವಾಗಿ ಜೋಡಿಸಿ ಓವನ್‌ನಲ್ಲಿ ಬೇಯಿಸುವ ಅಡುಗೆ. ಇದು ನಮ್ಮದು ಎಂದು ಕಂಪಾನಿಯಾದ ನೇಪಲ್ಸಿನವರೂ ಹೇಳುತ್ತಾರೆ, ಸಿಸಿಲಿಯವರೂ ಹೇಳುತ್ತಾರೆ. ನೇಪಲ್ಸಿನ ಕೆಲವು ಮನೆಗಳಲ್ಲಿ ಬಿಲ್ಲೆಗಳನ್ನು ಹಿಟ್ಟು ಮೊಟ್ಟೆಯಲ್ಲಿ ಅದ್ದಿ ಕರಿಯುತ್ತಾರೆ. ಇಲ್ಲಿ ಹೇಳುತ್ತಿರುವುದು ಹಾಗೇ ಕರಿಯುವ ಕ್ರಮ, ಬದನೆಯ ರುಚಿ ಇದರಲ್ಲೇ ಚೆನ್ನಾಗಿ ತಿಳಿಯುತ್ತದೆ. ಬ್ರೆಡ್ ಪುಡಿ ಹಚ್ಚಿ ಗರಿಗರಿ ಮಾಡುವುದು ಅಮೆರಿಕದ ಇಟಾಲಿಯನ್ ಹೋಟೆಲುಗಳ ಪದ್ಧತಿ.

20 x 30 ಸೆಂ.ಮೀ. ತಟ್ಟೆಗೆ, ಆರು ಜನಕ್ಕೆ: ದಪ್ಪ ಬದನೆ ಒಂದೂವರೆ ಕೆ.ಜಿ., ಟೊಮೆಟೊ ಒಂದೂವರೆ ಕೆ.ಜಿ. (ಅಥವಾ ಡಬ್ಬಿಯದು 800 ಗ್ರಾಂ), ಹಸುವಿನ ಹಾಲಿನ ತಾಜಾ ಮೊಝರೆಲ್ಲಾ 400 ಗ್ರಾಂ, ತುರಿದ ಪರ್ಮಿಜಾನೊ 120 ಗ್ರಾಂ, ಬೇಸಿಲ್ ಒಂದು ಹಿಡಿ, ಆಲಿವ್ ಎಣ್ಣೆ 3 ಟೇಬಲ್ ಚಮಚ, ಕರಿಯಲು ಎಣ್ಣೆ.

ನೀರು ಇದರಲ್ಲಿ ಮೂರು ಕಡೆಯಿಂದ ಬರುತ್ತದೆ: ಬದನೆ, ಟೊಮೆಟೊ, ಮೊಝರೆಲ್ಲಾ. ಒಂದನ್ನು ಬಿಟ್ಟರೂ ಕೊಯ್ದಾಗ ತಟ್ಟೆಯ ತುಂಬ ಕೆಂಪು ನೀರು.

ಮೊದಲು ಮೊಝರೆಲ್ಲಾ. 8 ಮಿ.ಮೀ. ದಪ್ಪ ಹೋಳು ಮಾಡಿ ಜರಡಿಯಲ್ಲಿಟ್ಟು, ಕೆಳಗೆ ಪಾತ್ರೆಯಿಟ್ಟು ಫ್ರಿಜ್‌ನಲ್ಲಿ ಮೂರು ನಾಲ್ಕು ಗಂಟೆ ಬಸಿಯಲು ಬಿಡಿ. ಎಮ್ಮೆ ಹಾಲಿನ ಮೊಝರೆಲ್ಲಾ ಹಾಗೇ ತಿನ್ನಲು ಚೆನ್ನ, ಇಲ್ಲಿಗೆ ಬೇಡ, ಅದು ಬಿಡುವ ನೀರು ಇನ್ನೂ ಜಾಸ್ತಿ. ತಾಜಾದು ಸಿಗದೆ ಪಿಜ್ಜಾ ಮೊಝರೆಲ್ಲಾ ಕೊಂಡರೆ ಬಸಿಯುವ ಕೆಲಸವಿಲ್ಲ. ಆದರೆ 300 ಗ್ರಾಂ ಸಾಕು, ಸಾಸಿನ ಉಪ್ಪು ತಗ್ಗಿಸಿ. ಹೊಗೆಯಾಡಿಸಿದ ಪ್ರೊವೊಲಾ ಹಾಕುವುದೂ ಕಂಪಾನಿಯಾದಲ್ಲಿ ಇದೆ. ಸಿಕ್ಕರೆ ಅರ್ಧಕ್ಕರ್ಧ ಬೆರೆಸಿ.

ಸಾಸ್‌ಗೆ ಟೊಮೆಟೊವನ್ನು ಒಂದು ನಿಮಿಷ ಕುದಿನೀರಿನಲ್ಲಿಟ್ಟು ಸಿಪ್ಪೆ ಸುಲಿದು, ಬೀಜದ ಲೋಳೆ ತೆಗೆದು ಕೈಯಿಂದ ಕಿವುಚಿ. ಆಲಿವ್ ಎಣ್ಣೆಯಲ್ಲಿ ಹಾಕಿ, ಬೇಸಿಲ್ ಕಡ್ಡಿ ಒಂದೆರಡು ಸೇರಿಸಿ, ಮುಚ್ಚದೆ 35ರಿಂದ 40 ನಿಮಿಷ ಸಣ್ಣ ಉರಿಯಲ್ಲಿಡಿ. ಒಂದೂವರೆ ಕೆ.ಜಿ. ಹಣ್ಣು ಇಳಿದು 700 ಮಿ.ಲೀ. ಆಸುಪಾಸಿಗೆ ಬರಬೇಕು. ಹುಳಿ ಹೆಚ್ಚಿದ್ದರೆ ಅರ್ಧ ಟೀ ಚಮಚ ಸಕ್ಕರೆ. ಬೆಳ್ಳುಳ್ಳಿ ಹಾಕಿಯೂ ಮಾಡುತ್ತಾರೆ, ಈರುಳ್ಳಿ ಹಾಕಿಯೂ ಮಾಡುತ್ತಾರೆ. ಎರಡೂ ಇಲ್ಲದೆ ಬರೀ ಬೇಸಿಲ್‌ನಿಂದ ಮಾಡಿದರೂ ಏನೂ ಕಡಿಮೆಯಾಗುವುದಿಲ್ಲ, ಈರುಳ್ಳಿ ಬೆಳ್ಳುಳ್ಳಿ ತಿನ್ನದ ಮನೆಗಳಿಗೆ ಅನುಕೂಲವೇ.

ಬದನೆಯನ್ನು ಉದ್ದಕ್ಕೆ 7–8 ಮಿ.ಮೀ. ದಪ್ಪದ ಹಲಗೆಗಳಾಗಿ ಕೊಯ್ಯಿರಿ. 5 ಮಿ.ಮೀ.ಗಿಂತ ತೆಳುವಾದರೆ ಕಾಗದದಂತೆ ಒಣಗುತ್ತದೆ, 1 ಸೆಂ.ಮೀ. ಮೀರಿದರೆ ನಡುಭಾಗ ಬೇಯದೆ ರಬ್ಬರಿನಂತಿರುತ್ತದೆ. ಉಪ್ಪು ಹಾಕಿ ಒಂದು ಗಂಟೆ ಇಟ್ಟು, ಜಾಲಿಸಿ, ಹಲಗೆಗಳನ್ನು ಹಿಂಡದೆ ಎರಡು ಬಟ್ಟೆಗಳ ನಡುವೆ ಒತ್ತಿ. 175 ಡಿಗ್ರಿ ಎಣ್ಣೆಯಲ್ಲಿ ಒಂದೊಂದು ಮಗ್ಗುಲೂ ಎರಡರಿಂದ ಮೂರು ನಿಮಿಷ ಕರಿಯಿರಿ. ತೆಗೆದ ಮೇಲೆ ಅಡ್ಡಡ್ಡ ಮಲಗಿಸದೆ ತೂತಿನ ಪಾತ್ರೆಯ ಅಂಚಿಗೆ ನೆಟ್ಟಗೆ ಒರಗಿಸಿ ನಿಲ್ಲಿಸಿದರೆ ಎಣ್ಣೆ ಚೆನ್ನಾಗಿ ಇಳಿಯುತ್ತದೆ. ಅರ್ಧ ಗಂಟೆ ಹಾಗೇ ಇರಲಿ.

ಕರಿಯುವುದೇ ಬೇಡ ಎನ್ನುವವರು ಎರಡೂ ಮಗ್ಗುಲಿಗೆ ಎಣ್ಣೆ ಸವರಿ 220 ಡಿಗ್ರಿ ಓವನ್‌ನಲ್ಲಿ 25 ನಿಮಿಷ ಸುಡಬಹುದು, ನಡುವೆ ಒಮ್ಮೆ ತಿರುವಿ ಹಾಕಬೇಕು. ಹಗುರವಾಗಿರುತ್ತದೆ, ನಿಜ. ಆದರೆ ಕರಿದದ್ದರ ಮೆದುತನ ಇದಕ್ಕೆ ಬರುವುದಿಲ್ಲ, ಆ ಮಾತಿನಲ್ಲಿ ರಾಜಿಯಿಲ್ಲ.

ಜೋಡಣೆ: ತಟ್ಟೆಯ ತಳಕ್ಕೆ ಎರಡು ಚಮಚ ಸಾಸ್ ಸವರಿ. ಅದರ ಮೇಲೆ ಬದನೆ ಹಲಗೆ ಅಂಚಿಗೆ ಅಂಚು ತಾಗಿಸಿ, ನಡುವೆ ಸಂದಿ ಬಿಡದೆ. ಮೇಲೆ ತೆಳ್ಳಗೆ ಸಾಸ್, ಕಿತ್ತು ಹರಡಿದ ಮೊಝರೆಲ್ಲಾ, ಎರಡು ಮೂರು ಬೇಸಿಲ್ ಎಲೆ, ಒಂದು ಹಿಡಿ ಪರ್ಮಿಜಾನೊ. ಎರಡನೇ ಪದರದ ಹಲಗೆಗಳನ್ನು ಅಡ್ಡಕ್ಕೆ ಇಡಿ, ಕೊಯ್ಯುವಾಗ ತುಂಡು ಕುಸಿಯುವುದಿಲ್ಲ. ಮೂರರಿಂದ ನಾಲ್ಕು ಪದರ ಬರುತ್ತದೆ. ಎಲ್ಲಕ್ಕೂ ಮೇಲೆ ಸಾಸ್ ಮತ್ತು ಪರ್ಮಿಜಾನೊ ಮಾತ್ರ. ಮೊಝರೆಲ್ಲಾ ಮೇಲಿದ್ದರೆ ತೊಗಲಿನಂತೆ ಗಟ್ಟಿಯಾಗುತ್ತದೆ. ಪದರ ಹಾಕುವಾಗ ಎಲ್ಲರ ಕೈಯೂ ಸಾಸ್ ಹೆಚ್ಚಿಗೆ ಸುರಿಯುತ್ತದೆ. ಬದನೆಯ ಬಣ್ಣ ಅಲ್ಲಲ್ಲಿ ಇಣುಕುತ್ತಿದ್ದರೆ ಅಳತೆ ಸರಿಯಾಗಿದೆ.

190 ಡಿಗ್ರಿಯಲ್ಲಿ 35ರಿಂದ 40 ನಿಮಿಷ. ಅಂಚಿನಲ್ಲಿ ಗುಳ್ಳೆಯೆದ್ದು ಮೇಲ್ಭಾಗ ಕೆಂಪಗಾದಾಗ ತೆಗೆಯಿರಿ. ಸಣ್ಣ ಓಟಿಜಿಯಲ್ಲಿ ಮೇಲಿನ ಕಾಯಿಲ್ ಹತ್ತಿರವಿರುವುದರಿಂದ ಮೊದಲ 25 ನಿಮಿಷ ಫಾಯಿಲ್ ಮುಚ್ಚಿ. ತೆಗೆದ ಕೂಡಲೇ ಕೊಯ್ಯಬೇಡಿ. ಕಡಿಮೆಯೆಂದರೆ 45 ನಿಮಿಷ ಆರಲಿ, ಅಷ್ಟರಲ್ಲಿ ಕರಗಿದ ಚೀಸ್ ಗಟ್ಟಿಯಾಗಿ ಪದರಗಳನ್ನು ಹಿಡಿದುಕೊಳ್ಳುತ್ತದೆ. ಉಗುರುಬೆಚ್ಚಗಿರುವಾಗಲೇ ಇದರ ರುಚಿ.

ಎರಡು ಸಣ್ಣ ಅಡುಗೆ

ನೇಪಲ್ಸಿನ ಜುಕ್ಕೀನೆ ಅಲ್ಲಾ ಸ್ಕಾಪೇಚೆಗೆ 800 ಗ್ರಾಂ ಜುಕಿನಿಯನ್ನು 5 ಮಿ.ಮೀ. ಬಿಲ್ಲೆ ಮಾಡಿ, ಚಿಟಿಕೆ ಉಪ್ಪು ಉದುರಿಸಿ, ಬಟ್ಟೆಯ ಮೇಲೆ ಎರಡು ಗಂಟೆ ಬಿಸಿಲಿಗೆ ಹರಡಿ. ನೀರಿನಂಶ ಇಳಿದು ಅಂಚು ಮುರುಟಿಕೊಂಡ ಮೇಲೆ ಕಡು ಹೊಂಬಣ್ಣಕ್ಕೆ ಕರಿಯಿರಿ. ಬಿಸಿ ಬಿಲ್ಲೆಯ ಮೇಲೆ 50 ಮಿ.ಲೀ. ಬಿಳಿ ವೈನ್ ವಿನೆಗರ್, ತೆಳ್ಳಗೆ ಹೆಚ್ಚಿದ ಒಂದು ಎಸಳು ಬೆಳ್ಳುಳ್ಳಿ, ಇಪ್ಪತ್ತು ಪುದೀನ ಎಲೆ, ಉಪ್ಪು. ಆರು ಗಂಟೆ ಬಿಟ್ಟು ತಿನ್ನಿ. ಎಳೆಯ ಜುಕಿನಿ ಕೊಳ್ಳಿ, 20 ಸೆಂ.ಮೀ. ದಾಟಿದರೆ ನಡುವೆಲ್ಲ ಬೀಜ.

ಪೆಪೆರೊನಾತಾ ಇನ್ನೂ ಸುಲಭ. ಕೆಂಪು, ಹಳದಿ ದೊಣ್ಣೆ ಮೆಣಸಿನಕಾಯಿ 1 ಕೆ.ಜಿ., ಈರುಳ್ಳಿ 300 ಗ್ರಾಂ, ಟೊಮೆಟೊ 400 ಗ್ರಾಂ, ಆಲಿವ್ ಎಣ್ಣೆ 60 ಮಿ.ಲೀ. ಹಸಿರು ಹಾಕಬೇಡಿ. ಅದು ಹಣ್ಣಾಗದ ಕಾಯಿ, ಬೆಂದರೂ ಕಹಿ ಉಳಿಯುತ್ತದೆ. ಈರುಳ್ಳಿ ಬಾಡಿಸಿ, 2 ಸೆಂ.ಮೀ. ಅಗಲದ ಪಟ್ಟಿ ಮಾಡಿದ ಮೆಣಸಿನಕಾಯಿ ಹಾಕಿ, ಮುಚ್ಚಿ 20 ನಿಮಿಷ ಬೇಯಲು ಬಿಡಿ. ಬಿಟ್ಟ ನೀರಿನಲ್ಲೇ ಅದು ಬೇಯುತ್ತದೆ. ಆಮೇಲೆ ಟೊಮೆಟೊ ಸೇರಿಸಿ ಮುಚ್ಚಳ ತೆಗೆದು ಇನ್ನೂ 20 ನಿಮಿಷ. ಕೊನೆಗೆ ಎಣ್ಣೆ ಬಿಟ್ಟುಕೊಂಡು ಪಟ್ಟಿಗಳು ಹೊಳೆಯಬೇಕು. ಮುಚ್ಚಳ ತೆಗೆಯುವುದನ್ನು ಮರೆತರೆ ಸೂಪ್ ಆಗುತ್ತದೆ.

ಫಾವೆ ಎ ಚಿಕೋರಿಯಾ (ಪುಲ್ಯಾ)

ಇಟಲಿ ಭೂಪಟದ ಹಿಮ್ಮಡಿಯ ಭಾಗವೇ ಪುಲ್ಯಾ. ಅಲ್ಲಿನ ರೈತರ ದಿನನಿತ್ಯದ ಊಟ ಇದು: ಒಣ ಫಾವಾ (ಬ್ರಾಡ್ ಬೀನ್ಸ್) ಕಾಳಿನ ನುಣ್ಣನೆಯ ಮುದ್ದೆ, ಪಕ್ಕದಲ್ಲಿ ಬೇಯಿಸಿದ ಕಹಿ ಚಿಕೋರಿ ಸೊಪ್ಪು, ಮೇಲೆ ಧಾರಾಳವಾಗಿ ಹಸಿ ಆಲಿವ್ ಎಣ್ಣೆ. ನಮ್ಮ ಫಿಲ್ಟರ್ ಕಾಫಿಗೆ ಬೆರೆಸುವ ಚಿಕೋರಿ ಪುಡಿ ಇದೇ ಜಾತಿಯ ಗಿಡದ ಬೇರಿನದು. ಅಲ್ಲಿ ಎಲೆ ತಿನ್ನುತ್ತಾರೆ.

ಶುರುಮಾಡುವ ಮೊದಲು ಒಂದು ಎಚ್ಚರಿಕೆ. ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವವರು ಫಾವಾ ತಿಂದರೆ ಕೆಂಪು ರಕ್ತಕಣಗಳು ಒಡೆದು ಅಪಾಯವಾಗುತ್ತದೆ. ಮನೆಯಲ್ಲಿ ಯಾರಿಗಾದರೂ ಈ ಕೊರತೆ ಇದೆಯೆಂದು ವೈದ್ಯರು ಹೇಳಿದ್ದರೆ ಈ ಅಡುಗೆಯನ್ನು ಬಿಟ್ಟುಬಿಡಿ. ಬೇಯಿಸುವುದರಿಂದ ಆ ದೋಷ ಹೋಗುವುದಿಲ್ಲ.

ನಾಲ್ಕು ಜನಕ್ಕೆ ಸಿಪ್ಪೆ ತೆಗೆದು ಒಡೆದ ಒಣ ಫಾವಾ 300 ಗ್ರಾಂ, ಆಲೂಗೆಡ್ಡೆ ಒಂದು (150 ಗ್ರಾಂ), ಸೊಪ್ಪು 700 ಗ್ರಾಂ, ಎಕ್ಸ್‌ಟ್ರಾ ವರ್ಜಿನ್ ಎಣ್ಣೆ 100 ಮಿ.ಲೀ., ಉಪ್ಪು. ಗಲ್ಫ್ ದೇಶಗಳಲ್ಲಿ, ಯುರೋಪಿನ ಅರಬ್ ಅಂಗಡಿಗಳಲ್ಲಿ ಸಿಪ್ಪೆ ತೆಗೆದ ಫಾವಾ ಸುಲಭವಾಗಿ ಸಿಗುತ್ತದೆ. ಸಿಪ್ಪೆಯಿರುವ ಕಂದು ಕಾಳು ತಂದರೆ ರಾತ್ರಿಯಿಡೀ ನೆನೆಸಿ ಒಂದೊಂದನ್ನೇ ಹಿತುಕಬೇಕು. ಅವರೆಬೇಳೆ ಹಾಕಿ ಮಾಡಿದರೆ ಮುದ್ದೆಯ ಹದ ಹತ್ತಿರಕ್ಕೆ ಬರುತ್ತದೆ, ರುಚಿ ಮಾತ್ರ ಅವರೆಯದೇ.

ಫಾವಾವನ್ನು ಎರಡು ಗಂಟೆ ನೆನೆಸಿ ತೊಳೆಯಿರಿ. ದಪ್ಪ ತಳದ ಪಾತ್ರೆಯಲ್ಲಿ ಕೆಳಗೆ ಆಲೂಗೆಡ್ಡೆ ಬಿಲ್ಲೆ, ಮೇಲೆ ಕಾಳು, ಎರಡು ಬೆರಳು ಮೇಲೆ ನಿಲ್ಲುವಷ್ಟು ನೀರು. ಕುದಿ ಬಂದಾಗ ಏಳುವ ನೊರೆಯನ್ನು ಪೂರ್ತಿ ತೆಗೆದು, ಉರಿ ತೀರಾ ಸಣ್ಣದು ಮಾಡಿ ಒಂದೂಕಾಲು ಗಂಟೆ ಬಿಡಿ. ಈ ಹೊತ್ತಿನಲ್ಲಿ ಕೈಯಾಡಿಸಬೇಡಿ, ಕದಡಿದರೆ ತಳ ಹಿಡಿಯುತ್ತದೆ. ನೀರು ಬತ್ತಿದರೆ ಬಿಸಿನೀರನ್ನೇ ಸೇರಿಸಿ. ಕುಕ್ಕರ್‌ನಲ್ಲಾದರೆ ಅರ್ಧಕ್ಕಿಂತ ಕಡಿಮೆ ತುಂಬಿಸಿ, ಏಕೆಂದರೆ ಫಾವಾ ತೊಗರಿಬೇಳೆಗಿಂತ ಹೆಚ್ಚು ನೊರೆಯೇಳುತ್ತದೆ. ಮೂರು ವಿಷಲ್ ಸಾಕು, ಆಮೇಲೆ ತೆರೆದಿಟ್ಟು ಬತ್ತಿಸಿ.

ಕಾಳು ತಾನಾಗಿ ಕರಗಿದ ಮೇಲೆ ಉಪ್ಪು ಹಾಕಿ, ಮರದ ಸೌಟಿನಿಂದ ಬಡಿಯುತ್ತ 60 ಮಿ.ಲೀ. ಎಣ್ಣೆಯನ್ನು ಸ್ವಲ್ಪಸ್ವಲ್ಪವಾಗಿ ಸೇರಿಸಿ. ಎಣ್ಣೆ ಒಳಗೆ ಬೆರೆತು ಮುದ್ದೆ ಬೆಳ್ಳಗೆ, ಹಗುರವಾಗುತ್ತದೆ. ಮಿಕ್ಸಿಗೆ ಹಾಕಿದರೆ ಆಲೂಗೆಡ್ಡೆಯ ಪಿಷ್ಟ ಜಿಗಟಾಗಿ ಅಂಟಿನಂತಾಗುತ್ತದೆ. ಆರಿದಾಗ ಗಟ್ಟಿಯಾಗುವುದರಿಂದ ಒಲೆಯ ಮೇಲೆ ಸ್ವಲ್ಪ ತೆಳ್ಳಗಿರುವಾಗಲೇ ಇಳಿಸಿ.

ಸೊಪ್ಪನ್ನು ದೊಡ್ಡ ಪಾತ್ರೆಯ ಕುದಿಯುವ ಉಪ್ಪುನೀರಿನಲ್ಲಿ, ಮುಚ್ಚದೆ, 8ರಿಂದ 10 ನಿಮಿಷ ಬೇಯಿಸಿ. ಬಸಿದು ಗಟ್ಟಿಯಾಗಿ ಹಿಂಡಿ. ಈ ಹಿಂಡುವಿಕೆ ಬಿಟ್ಟರೆ ಸೊಪ್ಪಿನ ನೀರು ಮುದ್ದೆಗೆ ಹರಿದು ಎರಡೂ ಕೆಡುತ್ತವೆ. ಚಿಕೋರಿ ಎಲೆ ಸಿಗದ ಊರುಗಳಲ್ಲಿ ಸಾಸಿವೆ ಸೊಪ್ಪು ಮೂಲಂಗಿ ಸೊಪ್ಪು ಅರ್ಧಕ್ಕರ್ಧ ಬಳಸಿ. ಮೆಂತ್ಯ ಸೊಪ್ಪು ಕಹಿಯಿದ್ದರೂ ಅದರ ವಾಸನೆ ಬೇರೆ ಏನನ್ನೂ ಉಳಿಸುವುದಿಲ್ಲ. ಪಾಲಕ್ ಹಾಕಿದರೆ ಕಹಿಯೇ ಇಲ್ಲದೆ ಅಡುಗೆ ಸಪ್ಪೆ. ಕಾಳಿನ ಸಿಹಿಗೆ ಎದುರಾಗಿ ಕಹಿ ಇರಲೇಬೇಕು. ತಟ್ಟೆಯಲ್ಲಿ ಎರಡನ್ನೂ ಅಕ್ಕಪಕ್ಕ ಬಡಿಸಿ, ಉಳಿದ ಎಣ್ಣೆಯನ್ನು ಹಸಿಯಾಗಿ ಸುರಿಯಿರಿ.

ರಿಬೊಲ್ಲಿತಾ (ಟಸ್ಕನಿ)

ಇಲ್ಲಿ ಲೆಕ್ಕ ತಲೆಕೆಳಗು. ಇಲ್ಲಿ ನೀರು ಬೇಕು, ಅದನ್ನು ಹೀರಿಕೊಳ್ಳಲು ಹಳೆಯ ಒಣ ಬ್ರೆಡ್ ಇದೆ. ಮೊದಲ ದಿನ ಕಾಳು, ಸೊಪ್ಪು, ಬ್ರೆಡ್ಡಿನ ಗಟ್ಟಿ ಸಾರು ಮಾಡಿ, ಮರುದಿನ ಮತ್ತೆ ಕುದಿಸಿದಾಗಲೇ ಅದು ರಿಬೊಲ್ಲಿತಾ.

ಆರು ಜನಕ್ಕೆ ಒಣ ಕನ್ನೆಲ್ಲಿನಿ ಅಥವಾ ಬಿಳಿ ರಾಜ್ಮಾ 250 ಗ್ರಾಂ, ಕಾವೊಲೊ ನೇರೊ ಎಂಬ ಕಪ್ಪು ಕೇಲ್ 300 ಗ್ರಾಂ, ಎಲೆಕೋಸು 250 ಗ್ರಾಂ, ಈರುಳ್ಳಿ, ಕ್ಯಾರೆಟ್, ಸೆಲರಿ ದಂಟು ಒಂದೊಂದು, ಆಲೂಗೆಡ್ಡೆ ಎರಡು, ಟೊಮೆಟೊ ಎರಡು, ಹಳೆಯ ಬ್ರೆಡ್ 250 ಗ್ರಾಂ, ಥೈಮ್ ಒಂದು ಕಡ್ಡಿ, ಆಲಿವ್ ಎಣ್ಣೆ. ಕೇಲ್ ಸಿಗದಿದ್ದರೆ ನವಿಲುಕೋಸಿನ ಎಲೆ ಹಾಕಿ. ಅದೂ ಇದೇ ಜಾತಿಯ ಗಿಡ, ನಾವು ಗೆಡ್ಡೆ ಇಟ್ಟುಕೊಂಡು ಎಲೆ ಬಿಸಾಡುತ್ತೇವೆ. ನಡುವಿನ ದಂಟು ಮಾತ್ರ ತೆಗೆಯಿರಿ.

ಕಾಳನ್ನು 12 ಗಂಟೆ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಮೊದಲ 10 ನಿಮಿಷ ಜೋರಾಗಿ ಕುದಿಸಿ. ಅರೆಬೆಂದ ರಾಜ್ಮಾ ಜಾತಿಯ ಕಾಳಿನಲ್ಲಿ ವಾಂತಿ ಭೇದಿ ತರುವ ವಸ್ತುವಿದೆ, ಜೋರು ಕುದಿಯಲ್ಲೇ ಅದು ನಾಶವಾಗುವುದು. ಆಮೇಲೆ ಸಣ್ಣ ಉರಿಯಲ್ಲಿ ಒಂದು ಗಂಟೆ, ಮೆತ್ತಗಾಗುವವರೆಗೆ. ಬೆಂದ ಕಾಳಿನ ಅರ್ಧವನ್ನು ಅದರ ಕಟ್ಟಿನೊಡನೆ ರುಬ್ಬಿ, ಉಳಿದರ್ಧ ಇಡಿಯಾಗಿರಲಿ. ಕಟ್ಟನ್ನು ಚೆಲ್ಲಿದರೆ ಅಡುಗೆಯ ರುಚಿಯೆಲ್ಲ ಚರಂಡಿಗೆ.

ಈರುಳ್ಳಿ, ಕ್ಯಾರೆಟ್, ಸೆಲರಿ ಸಣ್ಣಗೆ ಕೊಚ್ಚಿ 5 ಟೇಬಲ್ ಚಮಚ ಎಣ್ಣೆಯಲ್ಲಿ 15 ನಿಮಿಷ ಬಾಡಿಸಿ. ಟೊಮೆಟೊ, ಆಲೂಗೆಡ್ಡೆ, ಎರಡೂ ಬಗೆಯ ಸೊಪ್ಪು, ಥೈಮ್ ಹಾಕಿ ಬಾಡಿದ ಮೇಲೆ ರುಬ್ಬಿದ ಕಾಳು ಮತ್ತು ಒಂದೂವರೆ ಲೀಟರ್ ನೀರು ಸುರಿದು ಒಂದೂವರೆ ಗಂಟೆ ಬೇಯಿಸಿ. ಇಡಿ ಕಾಳು ಕೊನೆಗೆ. ಉಪ್ಪು ಈಗ.

ಬ್ರೆಡ್ ವಿಷಯದಲ್ಲಿ ಹೆಚ್ಚಿನವರು ಎಡವುತ್ತಾರೆ. ಟಸ್ಕನಿಯ ಬ್ರೆಡ್ಡಿಗೆ ಉಪ್ಪೇ ಹಾಕುವುದಿಲ್ಲ, ಹೊರಪದರ ಗಟ್ಟಿ, ಒಳಗೆ ತೂತುತೂತು. ಬೇಕರಿಯ ಸ್ಯಾಂಡ್‌ವಿಚ್ ಬ್ರೆಡ್ಡಿನಲ್ಲಿ ಸಕ್ಕರೆ, ಹಾಲು, ಕೊಬ್ಬು ಇರುವುದರಿಂದ ಅದು ಅಂಟಂಟು ಗಂಜಿಯಾಗಿ ಸಿಹಿ ಹೊಡೆಯುತ್ತದೆ. ಸಾರ್‌ಡೋ (ಹುಳಿಹಿಟ್ಟಿನ) ಬ್ರೆಡ್ ತಂದು ಎರಡು ಮೂರು ದಿನ ಒಣಗಲು ಬಿಡಿ, ಅಥವಾ 120 ಡಿಗ್ರಿ ಓವನ್‌ನಲ್ಲಿ ಅರ್ಧ ಗಂಟೆ ಒಣಗಿಸಿ. ಅದರಲ್ಲಿ ಉಪ್ಪಿರುವುದನ್ನು ನೆನಪಿಟ್ಟು ಸಾರಿನ ಉಪ್ಪು ತಗ್ಗಿಸಿ. ಆಳದ ಪಾತ್ರೆಯಲ್ಲಿ ಒಂದು ಪದರ ಬ್ರೆಡ್, ಒಂದು ಪದರ ಸಾರು, ಹೀಗೆ ತುಂಬಿಸಿ, ಆರಿದ ಮೇಲೆ ಫ್ರಿಜ್‌ಗಿಡಿ.

ಮರುದಿನ ಎಷ್ಟು ಬೇಕೋ ಅಷ್ಟನ್ನು ಬೇರೆ ಪಾತ್ರೆಗೆ ತೆಗೆದು, ಸಣ್ಣ ಉರಿಯಲ್ಲಿ ತಳ ಕೆದಕುತ್ತ 20 ನಿಮಿಷ ಕುದಿಸಿ. ತೀರಾ ಗಟ್ಟಿಯಾಗಿದ್ದರೆ ಅರ್ಧ ಲೋಟ ನೀರು. ಬಡಿಸಿದ ಮೇಲೆ ಹಸಿ ಎಣ್ಣೆ, ಪುಡಿ ಮಾಡಿದ ಕಾಳುಮೆಣಸು, ಇಷ್ಟವಿದ್ದರೆ ಉದ್ದಕ್ಕೆ ಸೀಳಿದ ಹಸಿ ಈರುಳ್ಳಿ. ಚೀಸ್ ಬೇಡ. ಮೂರನೇ ದಿನಕ್ಕೂ ಉಳಿದರೆ ಅದಾಗಲೇ ಚಾಕುವಿನಲ್ಲಿ ಕೊಯ್ಯುವಷ್ಟು ಗಟ್ಟಿಯಾಗಿರುತ್ತದೆ. ಕಬ್ಬಿಣದ ಬಾಣಲೆಗೆ ಎರಡು ಚಮಚ ಆಲಿವ್ ಎಣ್ಣೆ ಹಾಕಿ, 2 ಸೆಂ.ಮೀ. ದಪ್ಪಕ್ಕೆ ತಟ್ಟಿ, ಕೆಳಗೆ ಗರಿಗರಿ ಕೆಂಪು ಪದರ ಬರುವವರೆಗೆ ಎಂಟು ನಿಮಿಷ ಮುಟ್ಟದೆ ಬಿಡಿ. ಆಮೇಲೆ ತಟ್ಟೆಯ ಮೇಲೆ ಬೋರಲು ಹಾಕಿಕೊಂಡು ಇನ್ನೊಂದು ಮಗ್ಗುಲನ್ನೂ ಹಾಗೇ ಬೇಯಿಸಿ.